ಬಿಡೋದಕ್ಕೂ ಕೂಲಿ ಕೊಡಬೇಕು

ಕಾಫಿ ಕೊಯ್ಲಿನ ದಿನಗಳು. ಕೊಡಗಿನ ನಾಪೋಕ್ಲು ಹತ್ತಿರದ ಒಂದು ಊರಿನ ಸಭಾಂಗಣದಲ್ಲಿ ಸಂಜೆ ಹೊತ್ತು ಆಡಿದ ಮಾತುಗಳಿವು. ಆಮೇಲೆ ಕೆಲವರು ಬರೆದು ಕೊಡಿ ಅಂದರು. ಕರೆಂಟು ಹೋದ ಹತ್ತು ನಿಮಿಷ ಮತ್ತು ನನ್ನ ಎರಡು ಸಪ್ಪೆ ಜೋಕು ಬಿಟ್ಟು ಉಳಿದದ್ದು ಇಲ್ಲಿದೆ.

ಎಲ್ಲರಿಗೂ ನಮಸ್ಕಾರ. ಮೊದಲು ಒಬ್ಬರು ಮುಂದೆ ಬನ್ನಿ, ರಟ್ಟೆಯಲ್ಲಿ ಕಸುವು ಇರುವವರು. ಹಾಂ, ಹಾಕಿ ಆಡುವ ಹುಡುಗನೇ ಬಂದ. ಈ ನೀರಿನ ಬಾಟಲಿ ಹಿಡ್ಕೋ ಮಗಾ. ಒಂದೇ ಲೀಟರ್, ಜಾಸ್ತಿ ಏನಿಲ್ಲ. ಕೈಯನ್ನು ಪಕ್ಕಕ್ಕೆ, ಭುಜದ ಮಟ್ಟಕ್ಕೆ ಚಾಚಿ ನಿಲ್ಲು. ಇಳಿಸಬಾರದು. ನಾನು ಮಾತಾಡ್ತಾ ಇರ್ತೇನೆ.

ನಾನು ಮೂವತ್ತು ವರ್ಷ ವೈದ್ಯಕೀಯ ವಿದ್ಯಾರ್ಥಿಗಳಿಗೆ ಶರೀರಕ್ರಿಯಾಶಾಸ್ತ್ರ ಪಾಠ ಮಾಡಿದವನು. ರೋಗ ಇಲ್ಲದಾಗ ದೇಹ ಹೇಗೆ ನಡೆಯುತ್ತದೆ ಅನ್ನುವ ಪಾಠ ಅದು. ಊರಿಗೆ ಬಂದ ಮೇಲೆ ಎಲ್ಲರೂ ಮಂಡಿ ನೋವಿಗೆ ಮಾತ್ರೆ ಕೇಳುತ್ತಾರೆ, ಅದು ನನ್ನ ವಿಷಯವೇ ಅಲ್ಲ. ಇವತ್ತು 'ಮೈಯಲ್ಲಿ ಕಸುವು ಹೆಚ್ಚಿಸಿಕೊಳ್ಳುವುದು ಹೇಗೆ' ಅಂತ ಮಾತಾಡಿ ಅಂದಿದ್ದರು. ಸ್ವಲ್ಪ ಬೇರೆ ದಾರಿ ಹಿಡಿಯುತ್ತೇನೆ, ಬೇಜಾರು ಮಾಡ್ಕೋಬೇಡಿ. ಮಾಂಸಖಂಡ ಅಂದ ಕೂಡಲೇ ನಮಗೆ ಬಿಗಿಯುವುದೊಂದೇ ನೆನಪಾಗುತ್ತದೆ. ಬಿಗಿದದ್ದನ್ನು ಬಿಡುವುದೂ ಅದರ ಕೆಲಸವೇ. ಆ ಕೆಲಸಕ್ಕೂ ದೇಹ ಕೂಲಿ ಕೊಡಬೇಕು. ಇದನ್ನು ನಾನೇ ತಡವಾಗಿ ಅರ್ಥ ಮಾಡಿಕೊಂಡದ್ದು.

ಮೊದಲು ಹೆಸರಿನ ವಿಷಯ. 'ಮಸಲ್' ಅನ್ನುವ ಪದಕ್ಕೆ ಲ್ಯಾಟಿನ್‌ನಲ್ಲಿ ಪುಟ್ಟ ಇಲಿ ಅಂತ ಅರ್ಥ. ಚರ್ಮದ ಕೆಳಗೆ ಉಬ್ಬಿ ಸರಿದಾಡುವುದು ಅವರಿಗೆ ಇಲಿಯ ಹಾಗೆ ಕಂಡಿತು. ನಮ್ಮವರಿಗೆ ಮೊಣಕಾಲಿನ ಕೆಳಗೆ, ಹಿಂದುಗಡೆ, ಮೀನು ಕಂಡಿತು. ಅದಕ್ಕೇ ಮೀನಖಂಡ. ನನ್ನನ್ನು ಕೇಳಿದರೆ ಮೀನೇ ಸರಿ. ನಡುವೆ ದಪ್ಪ, ಎರಡು ತುದಿಯಲ್ಲಿ ಸಣ್ಣ. ಶಾಲೆಯ ಪುಸ್ತಕದಲ್ಲಿ 'ಸ್ನಾಯು' ಅಂತ ಓದಿದ್ದೀರಿ. ಆಯುರ್ವೇದದಲ್ಲಿ ಸ್ನಾಯು ಅಂದರೆ ಕಟ್ಟುವ ಹುರಿ, ಮಾಂಸಖಂಡಕ್ಕೆ ಅಲ್ಲಿ ಪೇಶಿ ಅನ್ನುತ್ತಾರೆ. ಈ ಗೊಂದಲ ಬೇಡ ಅಂತ ನಾನು ಮಾಂಸಖಂಡ ಅಂತಲೇ ಹೇಳುತ್ತೇನೆ. ಎಲುಬಿಗೆ ಅಂಟಿಕೊಂಡು ನಮ್ಮ ಮಾತು ಕೇಳುವಂಥವು 600ಕ್ಕೂ ಹೆಚ್ಚು. ಹೃದಯದ್ದು ಬೇರೆ ಜಾತಿ. ಕರುಳು, ಮೂತ್ರಕೋಶ, ಗರ್ಭಕೋಶ, ರಕ್ತನಾಳದ ಗೋಡೆಗಳಲ್ಲಿ ಇರುವುದು ಮೂರನೆಯದು.

ಮೂರಕ್ಕೂ ಸೇರಿ ನಾಲ್ಕು ಗುಣ. ಕರೆದರೆ ಓಗೊಡುತ್ತದೆ. ಬಿಗಿಯುತ್ತದೆ. ಎಳೆದರೆ ಹಿಗ್ಗುತ್ತದೆ. ಎಳೆತ ನಿಂತರೆ ಮೊದಲಿನ ಅಳತೆಗೆ ಬರುತ್ತದೆ. ಪರೀಕ್ಷೆಯಲ್ಲಿ ಇಷ್ಟು ಬರೆದರೆ ಅಂಕ ಬರುತ್ತದೆ. ನಮಗೆ ಇಲ್ಲಿ ಪರೀಕ್ಷೆ ಇಲ್ಲವಲ್ಲ, ನಿಧಾನವಾಗಿ ನೋಡೋಣ.

ಓಗೊಡುವುದನ್ನು ನಾನು ಮೊದಲು ನೋಡಿದ್ದು ನಮ್ಮ ಮನೆಯ ಅಂಗಳದಲ್ಲಿ. ಕೈಲ್‌ಪೊಳ್ದ್ ಹಬ್ಬ. ಬೆಳಗ್ಗೆ ಹಂದಿ ಕಡಿದಿದ್ದರು. ಬಾಳೆ ಎಲೆಯ ಮೇಲೆ ತುಂಡು ಹರಡಿ ಅಜ್ಜಿ ಉಪ್ಪು ಹಾಕುತ್ತಿದ್ದರು. ಒಂದು ತುಂಡು ಮಿಸುಕಿತು. ಕೆಂಪು ಮಾಂಸದ ಮೇಲೆ ಸಣ್ಣ ಅಲೆ ಎದ್ದ ಹಾಗೆ. "ಅಜ್ಜಿ, ಇದಕ್ಕಿನ್ನೂ ಜೀವ ಇದೆ" ಅಂತ ಕೂಗಿದೆ. ಅಜ್ಜಿ ತಲೆ ಎತ್ತಲಿಲ್ಲ. "ಜೀವ ಹೋಗಿದೆ ಮಗಾ, ಮಾಂಸಕ್ಕಿನ್ನೂ ಸುದ್ದಿ ಮುಟ್ಟಿಲ್ಲ" ಅಂದರು.

ಮುಂದೆ ನಾನು ಓದಿದ ಪುಸ್ತಕಗಳು ಇದನ್ನೇ ಉದ್ದವಾಗಿ ಹೇಳಿದವು. ಮಾಂಸಖಂಡದ ಒಂದೊಂದು ನಾರೂ ಚಾರ್ಜ್ ಆಗಿ ಕೂತಿರುವ ಬ್ಯಾಟರಿ. ಹೊರಗಿಗಿಂತ ಒಳಗೆ ಸುಮಾರು 90 ಮಿಲಿವೋಲ್ಟ್ ಕಡಿಮೆ. ಟಾರ್ಚಿನ ಒಂದು ಸೆಲ್‌ನಲ್ಲಿ ಇರುವುದರ ಹದಿನಾರನೇ ಒಂದು ಪಾಲು ಅಂದುಕೊಳ್ಳಿ. ಪ್ರಾಣಿ ಸತ್ತರೂ ಆ ಚಾರ್ಜು ಸ್ವಲ್ಪ ಹೊತ್ತು ಉಳಿಯುತ್ತದೆ. ಉಪ್ಪು ಬಿದ್ದರೆ ಆ ಏರ್ಪಾಡು ಕದಡಿ ನಾರು ಮಿಡಿಯುತ್ತದೆ. ಇಟಲಿಯ ಬೊಲೊನ್ಯಾದಲ್ಲಿ ಗಾಲ್ವಾನಿ ಎಂಬಾತ ಕಪ್ಪೆಯ ಕಾಲಿಗೆ ವಿದ್ಯುತ್ತು ತಾಗಿಸಿ, ಲೋಹ ತಾಗಿಸಿ ನೋಡಿ 1791ರಲ್ಲಿ ಪ್ರಕಟಿಸಿದ್ದು ಇದೇ ಮಿಡಿತದ ಕತೆ.

ಜೀವ ಇರುವಾಗ ಕರೆ ಬರುವುದು ನರದಿಂದ. ನರದ ತುದಿ ಮಾಂಸಖಂಡವನ್ನು ಮುಟ್ಟುವುದಿಲ್ಲ, ಕೂದಲೆಳೆಗಿಂತ ಎಷ್ಟೋ ಸಣ್ಣ ಸಂದು ಇರುತ್ತದೆ. ನರ ಆ ಸಂದಿಗೆ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಬಿಡುತ್ತದೆ. ನಾರು ಅದನ್ನು ಹಿಡಿದು ಎಚ್ಚೆತ್ತುಕೊಳ್ಳುತ್ತದೆ. ಹಿಂದೆಯೇ ಒಂದು ಕಿಣ್ವ ಬಂದು ಆ ರಾಸಾಯನಿಕವನ್ನು ಒಡೆದು ಜಾಗ ಖಾಲಿ ಮಾಡುತ್ತದೆ. ಕಾಲಿಂಗ್ ಬೆಲ್ ಒತ್ತಿದ ಕೈ ಬೆಲ್ಲಿನಿಂದ ಏಳಬೇಕಲ್ವಾ, ಹಾಗೆ.

ಇದನ್ನು ಯಾಕೆ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ ಅಂದರೆ, ನಮ್ಮ ತೋಟಗಳಲ್ಲಿ ಎರಡು ಅಪಾಯ ಇರುವುದು ಈ ಸಂದಿನಲ್ಲೇ. ಒಂದು ಕಟ್ಟು ಹಾವು. ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ, ನೋವು ಅಷ್ಟೇನೂ ಇರುವುದಿಲ್ಲ. ಅದರ ವಿಷ ನರದ ತುದಿಯನ್ನೇ ಕೆಡಿಸುತ್ತದೆ. ಬೆಲ್ ಒತ್ತುವ ಕೈಯೇ ಇಲ್ಲ. ಮೊದಲು ಕಣ್ಣಿನ ರೆಪ್ಪೆ ಜೋತು ಬೀಳುತ್ತದೆ. ಜನ ನಿದ್ದೆಯ ಮಂಪರು ಅಂದುಕೊಳ್ಳುತ್ತಾರೆ. ಕೊನೆಗೆ ಉಸಿರಾಟದ ಮಾಂಸಖಂಡಕ್ಕೂ ಕರೆ ಮುಟ್ಟುವುದಿಲ್ಲ. ರೆಪ್ಪೆ ಜೋತದ್ದು ಕಂಡರೆ ಮಂತ್ರ, ನಾಟಿ ಔಷಧಿ ಅಂತ ಒಂದು ನಿಮಿಷವೂ ಕಳೆಯಬೇಡಿ, ಜೀಪು ತೆಗೆದು ಆಸ್ಪತ್ರೆಗೆ ಓಡಿ.

ಇನ್ನೊಂದು ಸ್ಪ್ರೇ ಮಾಡುವ ಔಷಧಿ. ಆರ್ಗನೊಫಾಸ್ಫೇಟ್ ಗುಂಪಿನ ಕೀಟನಾಶಕಗಳು ಆ ಗುಡಿಸುವ ಕಿಣ್ವವನ್ನು ಕಟ್ಟಿಹಾಕುತ್ತವೆ. ಒತ್ತಿದ ಬೆಲ್ ಒತ್ತಿದಂತೇ ಇರುತ್ತದೆ. ಅಂಥ ಒಬ್ಬ ಕೆಲಸಗಾರನನ್ನು ವರ್ಷಗಳ ಹಿಂದೆ ನೋಡಿದೆ. ತೋಳಿನ ಚರ್ಮದ ಕೆಳಗೆ ಹುಳ ಹರಿದಾಡಿದ ಹಾಗೆ ಮಾಂಸ ಮಿಡಿಯುತ್ತಿತ್ತು. ಬಾಯಲ್ಲಿ ಜೊಲ್ಲು, ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು. ಮಿಡಿದು ಮಿಡಿದು ಆಮೇಲೆ ಮಾಂಸಖಂಡವೇ ಸೋತು ಬಿದ್ದುಹೋಗುತ್ತದೆ. ಅವನ ಜೀವ ಉಳಿಯಿತು. ಬರೀ ಲುಂಗಿ, ಬನಿಯನ್ನಿನಲ್ಲಿ ಸ್ಪ್ರೇ ಮಾಡಿಸಿದವರ ಮೇಲೆ ನನಗೆ ಸಿಟ್ಟು ಇನ್ನೂ ಇಳಿದಿಲ್ಲ.

ಕಣ್ಣು ಅದುರುವುದಕ್ಕೂ ಇದಕ್ಕೂ ಸಂಬಂಧ ಇದೆಯಾ ಅಂತ ಅಲ್ಲಿಂದ ಒಬ್ಬರು ಕೇಳುತ್ತಿದ್ದಾರೆ. ಹೆದರಬೇಡಿ. ನಿದ್ದೆಗೆಟ್ಟಾಗ, ಕಾಫಿ ಜಾಸ್ತಿ ಆದಾಗ ಒಂದೆರಡು ನರ ತಮ್ಮಷ್ಟಕ್ಕೆ ಬೆಲ್ ಒತ್ತುತ್ತವೆ. ಬಲಗಣ್ಣಾದರೆ ಶುಭ, ಎಡಗಣ್ಣಾದರೆ ಅಶುಭ ಅನ್ನುವುದು ನನ್ನ ಸಿಲೆಬಸ್ಸಿನಲ್ಲಿ ಇರಲಿಲ್ಲ.

ಈಗ ಇನ್ನೊಂದು ಮಾತು, ಕೋವಿ ಇರುವ ಮನೆಯವರಿಗೆ ಬೇಗ ಅರ್ಥ ಆಗುತ್ತದೆ. ಕೋವಿಯ ಕುದುರೆಯನ್ನು, ಅಂದರೆ ಟ್ರಿಗರ್ ಅನ್ನು, ಮೆಲ್ಲಗೆ ಮುಟ್ಟಿದರೆ ಗುಂಡು ಹಾರುವುದಿಲ್ಲ. ಒಂದು ಹಂತ ದಾಟಿದರೆ ಹಾರುತ್ತದೆ. ಇನ್ನೂ ಜೋರಾಗಿ ಎಳೆದೆ ಅಂತ ಗುಂಡು ಜೋರಾಗಿ ಹೋಗುವುದಿಲ್ಲ. ಒಂದೊಂದು ನಾರೂ ಹಾಗೆಯೇ, ಕರೆ ಸಾಲದಿದ್ದರೆ ಸುಮ್ನೆ ಇರುತ್ತದೆ, ಸಾಕಾದರೆ ಪೂರ್ತಿ ಓಗೊಡುತ್ತದೆ. ಹಾಗಾದರೆ ಮೊಟ್ಟೆ ಎತ್ತುವಾಗ ಮೆತ್ತಗೆ, ಕಾಫಿ ಮೂಟೆ ಎತ್ತುವಾಗ ಗಟ್ಟಿಯಾಗಿ ಹೇಗೆ? ಎಷ್ಟು ಕೋವಿ ಹಾರಿಸಬೇಕು, ಎಷ್ಟು ಬೇಗ ಬೇಗ ಹಾರಿಸಬೇಕು ಅಂತ ನರಮಂಡಲ ಲೆಕ್ಕ ಹಾಕುತ್ತದೆ. ಕಣ್ಣುಗುಡ್ಡೆ ತಿರುಗಿಸುವಲ್ಲಿ ಒಂದು ನರತಂತುವಿನ ಕೈಕೆಳಗೆ ಹತ್ತಿಪ್ಪತ್ತು ನಾರು. ಮೀನಖಂಡದಲ್ಲಿ ಸಾವಿರಕ್ಕೂ ಮೇಲೆ. ಕಣ್ಣಿಗೆ ನಾಜೂಕು ಬೇಕು, ಕಾಲಿಗೆ ಬಲ ಬೇಕು.

ಅಗೋ, ನಮ್ಮ ಹುಡುಗನ ಕೈ ನಡುಗುತ್ತಿದೆ ನೋಡಿ. ಮೊದಲು ನಾರುಗಳು ಪಾಳಿ ಹಾಕಿಕೊಂಡು ದುಡಿಯುತ್ತಿದ್ದವು. ಈಗ ಸುಸ್ತಾದವು ಹಿಂದೆ ಸರಿದು ಹೊಸ ದೊಡ್ಡ ಗುಂಪುಗಳು ಒಟ್ಟಿಗೆ ನುಗ್ಗುತ್ತಿವೆ, ಎಳೆತ ಒಂದೇ ಸಮ ಇಲ್ಲ. ಇನ್ನೂ ನಾಲ್ಕು ನಿಮಿಷ ಆಗಿಲ್ಲ ಮಗಾ. ಇಳಿಸ್ಬೇಡ... ಸರಿ, ಇಳಿಸು. ಒಂದು ನಿಮಿಷ, ಧಡಕ್ಕನೆ ಇಳಿಸಬೇಡ, ನಿಧಾನಕ್ಕೆ ಇಳಿಸು. ಯಾರಾದರೂ ಅವನ ಭುಜ ಮುಟ್ಟಿ ನೋಡಿ. ಇಳಿಸುವಾಗಲೂ ಕಲ್ಲಿನ ಹಾಗಿದೆ ಅಲ್ವಾ? ಕೈಯನ್ನು ಕೆಳಕ್ಕೆ ಎಳೆಯುತ್ತಿರುವುದು ಭೂಮಿ. ಎತ್ತಿದ ಮಾಂಸಖಂಡವೇ ಸ್ವಲ್ಪ ಸ್ವಲ್ಪ ಸಡಿಲ ಬಿಟ್ಟು ಇಳಿಸುತ್ತಿದೆ. ಇದನ್ನು ನೆನಪಿಡಿ, ಮತ್ತೆ ಬರುತ್ತೇನೆ.

ಬಿಗಿಯುವುದು ಅಂದರೆ ಒಳಗೆ ಏನಾಗುತ್ತದೆ? ಎರಡು ಕೈಯ ಬೆರಳುಗಳನ್ನು ಒಂದರ ಸಂದಿಗೆ ಇನ್ನೊಂದು ತುಸುವೇ ಸೇರಿಸಿ. ಈಗ ಒಳಕ್ಕೆ ಜಾರಿಸಿ. ಬೆರಳು ಗಿಡ್ಡ ಆಗಲಿಲ್ಲ, ಎರಡು ಅಂಗೈ ಹತ್ತಿರ ಬಂದವು. ಅಷ್ಟೇ ನಡೆಯುವುದು. ನಾರಿನೊಳಗೆ ದಪ್ಪ ಎಳೆ ಮಯೋಸಿನ್, ಸಣ್ಣ ಎಳೆ ಆಕ್ಟಿನ್. ಒಂದರ ನಡುವೆ ಒಂದು ಜಾರುತ್ತವೆ. ಅಂಥ ಸಾಲು ಸಾಲು ಕೋಣೆಗಳು ಒಂದು ಮಿಲಿಮೀಟರಿಗೆ ಸುಮಾರು 400. 1954ರಲ್ಲಿ 'ನೇಚರ್' ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ತಂಡ ಇದನ್ನು ಬೇರೆ ಬೇರೆಯಾಗಿ ಬರೆದವು. ಒಂದರಲ್ಲಿ ಆಂಡ್ರ್ಯೂ ಹಕ್ಸ್‌ಲಿ ಮತ್ತು ನೀಡರ್ಗರ್ಕೆ, ಇನ್ನೊಂದರಲ್ಲಿ ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್. ಎರಡು ಹಕ್ಸ್‌ಲಿಗೂ ನೆಂಟಸ್ತಿಕೆ ಇಲ್ಲ. ನಮ್ಮಲ್ಲಾದರೆ ಮನೆ ಹೆಸರು ಒಂದೇ ಅಂದ ಕೂಡಲೇ ಒಂದೇ ಒಕ್ಕ, ಒಂದೇ ಮನೆತನ ಅಂತ ತೀರ್ಮಾನ ಮಾಡಿಬಿಡುತ್ತಿದ್ದೆವು.

ದಪ್ಪ ಎಳೆಗೆ ಪುಟ್ಟ ಕೈಗಳಿವೆ. ಕರೆ ಬಂದಾಗ ನಾರಿನೊಳಗಿನ ಚೀಲಗಳಿಂದ ಕ್ಯಾಲ್ಸಿಯಂ ಹೊರಬರುತ್ತದೆ, ಆಗ ಆ ಕೈಗಳಿಗೆ ಹಿಡಿಯಲು ಜಾಗ ತೆರೆಯುತ್ತದೆ. ಹಿಡಿ, ಎಳೆ, ಬಿಡು, ಮುಂದಿನದನ್ನು ಹಿಡಿ. ಹಗ್ಗಜಗ್ಗಾಟದಲ್ಲಿ ಕೈ ಬದಲಿಸುತ್ತಾ ಹಗ್ಗ ಎಳೆದುಕೊಳ್ಳುವ ಹಾಗೆ. ಇದರಿಂದ ಒಂದು ಮಾತು ಹೊರಡುತ್ತದೆ: ಮಾಂಸಖಂಡ ಎಳೆಯಬಲ್ಲದು, ತಳ್ಳಲಾರದು. ಕೆಸರಲ್ಲಿ ಹೂತ ಜೀಪನ್ನು ತಳ್ಳುತ್ತೀರಲ್ಲ, ಆಗಲೂ ತೋಳಿನ ಹಿಂದಿನ ಮಾಂಸಖಂಡ ಮೊಣಕೈಯನ್ನು ನೇರಕ್ಕೆ ಎಳೆಯುತ್ತಿರುತ್ತದೆ.

ಸರಿ, ಈ ಹಿಡಿ-ಎಳೆ-ಬಿಡುವಿನಲ್ಲಿ ಖರ್ಚು ಎಲ್ಲಿ? ದೇಹದ ರೊಕ್ಕ ಅಂದರೆ ಎಟಿಪಿ ಅನ್ನುವ ಕಣ. ನಾನು ವಿದ್ಯಾರ್ಥಿಯಾಗಿದ್ದಾಗ ಅದು ಎಳೆಯುವುದಕ್ಕೆ ಖರ್ಚಾಗುತ್ತದೆ ಅಂತಷ್ಟೇ ತಲೆಯಲ್ಲಿ ಕೂತಿತ್ತು. ಎಳೆದ ಕೈ ಬಿಡಬೇಕಾದರೆ ಹೊಸ ಎಟಿಪಿ ಕಣ ಬಂದು ಅದಕ್ಕೆ ಅಂಟಿಕೊಳ್ಳಬೇಕು. ಅದು ಬರದಿದ್ದರೆ ಕೈ ಹಿಡಿದದ್ದು ಹಿಡಿದಂತೇ. ಹೊರಬಿಟ್ಟ ಕ್ಯಾಲ್ಸಿಯಂ ಅನ್ನು ಚೀಲಕ್ಕೆ ವಾಪಸ್ ಪಂಪ್ ಮಾಡುವುದಕ್ಕೂ ಎಟಿಪಿ ಬೇಕು.

ಪುಸ್ತಕದಲ್ಲಿ ಓದಿದ್ದು ಕಣ್ಣಿಗೆ ಕಂಡದ್ದು ಪ್ರಯೋಗಾಲಯದಲ್ಲಿ. ನಮ್ಮ ಕಾಲದಲ್ಲಿ ಕಪ್ಪೆಯ ಮೀನಖಂಡವನ್ನು ಒಂದು ಸಲಾಕೆಗೆ ಕಟ್ಟುತ್ತಿದ್ದೆವು. ಎದುರಿಗೆ ಗುಂಡಗೆ ತಿರುಗುವ ಡ್ರಮ್ಮು, ಅದರ ಮೇಲೆ ಹೊಗೆ ಹಿಡಿಸಿದ ಕಪ್ಪು ಕಾಗದ. ಮಸಿ ಮೂಗಿಗೆ ಹತ್ತಿ ಮನೆಗೆ ಹೋದರೂ ಹೋಗುತ್ತಿರಲಿಲ್ಲ. ಒಂದು ಶಾಕ್ ಕೊಟ್ಟರೆ ಸಲಾಕೆ ಮೇಲೆದ್ದು ಇಳಿದು ಕಾಗದದ ಮೇಲೆ ಬಿಳಿ ಗುಡ್ಡ ಬರೆಯುತ್ತಿತ್ತು. ಎಲ್ಲ ಸೇರಿ ಒಂದು ಸೆಕೆಂಡಿನ ಹತ್ತನೇ ಒಂದು ಭಾಗ. ನೂರನೇ ಒಂದು ಭಾಗ ಏನೂ ಆಗುವುದಿಲ್ಲ, ನೂರರಲ್ಲಿ ನಾಲ್ಕು ಭಾಗ ಏರು, ಐದು ಭಾಗ ಇಳಿತ. ಏರಿದ್ದಕ್ಕಿಂತ ಇಳಿಯುವುದೇ ನಿಧಾನ. ಮತ್ತೆ ಮತ್ತೆ ಶಾಕ್ ಕೊಟ್ಟು ಸುಸ್ತು ಮಾಡಿದರೆ ಇನ್ನೂ ಚೆನ್ನಾಗಿ ಕಾಣುತ್ತಿತ್ತು. ಗುಡ್ಡದ ಎತ್ತರ ಕಮ್ಮಿ ಆಗುತ್ತಿತ್ತು, ಅದು ಎಲ್ಲರೂ ಊಹಿಸಿದ್ದೇ. ಇಳಿಜಾರು ಉದ್ದಕ್ಕೆ ಎಳೆದುಕೊಂಡು ಹೋಗಿ, ಕೊನೆಗೆ ಸಲಾಕೆ ಕೆಳಗಿನ ಗೆರೆಗೆ ವಾಪಸ್ ಬರುತ್ತಲೇ ಇರಲಿಲ್ಲ. ಸುಸ್ತಾದ ಮಾಂಸಖಂಡಕ್ಕೆ ಬಿಡಲು ಬರುವುದಿಲ್ಲ ಅಂತ ಆ ಮಸಿ ಕಾಗದ ತೋರಿಸಿತು.

ಎಟಿಪಿ ಪೂರ್ತಿ ಖಾಲಿಯಾದರೆ? ಅದು ನಿಮಗೆಲ್ಲ ಗೊತ್ತು. ಸಾವಾದ ಮನೆಯಲ್ಲಿ ಹಿರಿಯರು ಮೊದಲು ಮಾಡುವ ಕೆಲಸ ಏನು? ಕಣ್ಣು ಮುಚ್ಚಿಸುತ್ತಾರೆ, ದವಡೆಗೆ ಬಟ್ಟೆ ಕಟ್ಟುತ್ತಾರೆ, ಕೈಕಾಲು ನೇರ ಮಾಡಿ ಹೆಬ್ಬೆರಳು ಜೋಡಿಸಿ ಕಟ್ಟುತ್ತಾರೆ. ತಡ ಮಾಡಿದರೆ ಆಗುವುದಿಲ್ಲ ಅಂತ ಅವರಿಗೆ ಗೊತ್ತು. ಎರಡು ಮೂರು ಗಂಟೆಯಲ್ಲಿ ರೆಪ್ಪೆ, ದವಡೆ ಸೆಟೆಯಲು ಶುರು. ಸುಮಾರು 12 ಗಂಟೆಗೆ ಇಡೀ ದೇಹ ಮರದ ಹಾಗೆ. ಆ ಪುಟ್ಟ ಕೈಗಳೆಲ್ಲ ಹಿಡಿದಿವೆ, ಬಿಡಿಸಲು ರೊಕ್ಕ ಇಲ್ಲ. ಒಂದೂವರೆ ದಿನದ ಹೊತ್ತಿಗೆ ಮತ್ತೆ ಸಡಿಲ ಆಗುವುದು ಎಳೆಗಳೇ ಕೊಳೆತು ಕಳಚಿಕೊಳ್ಳುವುದರಿಂದ. ನಮ್ಮ ಚಳಿಯಲ್ಲಿ ಇನ್ನೂ ನಿಧಾನ.

ಹಿಗ್ಗುವ ಗುಣಕ್ಕೆ ಬರೋಣ. ಇಲ್ಲಿಯೇ ನಮ್ಮ ಜಿಲ್ಲೆಯ ಇಳಿಜಾರು ಬರುತ್ತದೆ. ತಡಿಯಂಡಮೋಳ್ 1,748 ಮೀಟರ್, ಕೊಡಗಿನಲ್ಲಿ ಅದಕ್ಕಿಂತ ಎತ್ತರದ ಬೆಟ್ಟ ಇಲ್ಲ. ಬೆಂಗಳೂರಿನಿಂದ ಬಂದ ಮಕ್ಕಳು ಹತ್ತುವಾಗ ಏದುಸಿರು ಬಿಡುತ್ತಾರೆ, ಇಳಿಯುವಾಗ ಹಾಡು ಹೇಳುತ್ತಾರೆ. ಮಾರನೇ ದಿನ ನೋಡಿ, ಹೋಂಸ್ಟೇ ಮೆಟ್ಟಿಲನ್ನು ಗೋಡೆ ಹಿಡಿದು ಹಿಮ್ಮುಖವಾಗಿ ಇಳಿಯುತ್ತಿರುತ್ತಾರೆ. ತೊಡೆಗೆ ಪೆಟ್ಟು ಕೊಟ್ಟದ್ದು ಏರು ಅಂದುಕೊಂಡಿರುತ್ತಾರೆ. ಕೊಟ್ಟದ್ದು ಇಳಿಜಾರು. ಆ ಹುಡುಗ ಬಾಟಲಿ ಇಳಿಸಿದನಲ್ಲ, ಅದೇ ಲೆಕ್ಕ. ಇಳಿಯುವಾಗ ಒಂದೊಂದು ಹೆಜ್ಜೆಗೂ ತೊಡೆಯ ಮುಂಭಾಗ ಬಿಗಿದುಕೊಂಡೇ ಹಿಗ್ಗಬೇಕು. ಉಸಿರು ಕಮ್ಮಿ ಸಾಕು, ಭಾರ ಮಾತ್ರ ಜಾಸ್ತಿ ತಡೆಯುತ್ತದೆ. ಆ ಎಳೆತಕ್ಕೆ ಅಲ್ಲಲ್ಲಿ ಸಣ್ಣ ಕೋಣೆಗಳು ಹರಿಯುತ್ತವೆ, ಬಾವು ಬರುತ್ತದೆ. ನೋವು ಜೋರಾಗುವುದು ಒಂದರಿಂದ ಮೂರು ದಿನದೊಳಗೆ.

ಇದನ್ನು 'ಲ್ಯಾಕ್ಟಿಕ್ ಆಸಿಡ್ ಕೂತಿದೆ' ಅಂತ ಜಿಮ್ಮಿನವರು ಹೇಳುತ್ತಾರೆ. ತಪ್ಪು. ಅದು ಆಟ ಮುಗಿದು ಒಂದೆರಡು ಗಂಟೆಯಲ್ಲಿ ರಕ್ತದಿಂದ ಹೋಗಿರುತ್ತದೆ. ಎರಡನೇ ದಿನದ ನೋವಿಗೆ ಅದನ್ನು ದೂರಿ ಏನು ಪ್ರಯೋಜನ? ಕೊಯ್ಲಿನ ಮೊದಲ ವಾರ ಮೂಟೆ ಹೊತ್ತು ತೋಟದ ಇಳಿಜಾರು ಬರೆ ಇಳಿಯುವವರಿಗೆಲ್ಲ ತೊಡೆ ಹಿಡಿಯುತ್ತದೆ. ಎರಡನೇ ವಾರ ಅದೇ ಮೂಟೆ, ಅದೇ ಬರೆ, ನೋವಿಲ್ಲ. ಒಂದು ಸಲ ಹರಿದು ಕಟ್ಟಿಕೊಂಡ ಮಾಂಸಖಂಡ ಮುಂದಿನ ಸಲಕ್ಕೆ ತಯಾರಾಗಿರುತ್ತದೆ. ಹಾಗಾಗಿ ಹಾಕಿ ಸೀಸನ್ನಿಗೆ ಮುಂಚೆ ಬರೀ ಏರು ಓಡಿಸುವ ಕೋಚ್‌ಗಳಿಗೆ ನನ್ನ ಒಂದು ವಿನಂತಿ: ಇಳಿಜಾರನ್ನೂ ಸ್ವಲ್ಪ ಸ್ವಲ್ಪ ಅಭ್ಯಾಸ ಮಾಡಿಸಿ.

ಹಿಗ್ಗಿದ್ದು ಮೊದಲಿನ ಅಳತೆಗೆ ಬರಲು ಟೈಟಿನ್ ಎಂಬ ಸ್ಪ್ರಿಂಗ್ ಇದೆ. ನಮ್ಮ ದೇಹದ ಪ್ರೋಟೀನುಗಳಲ್ಲಿ ಅದೇ ಅತಿ ದೊಡ್ಡದು, 30 ಸಾವಿರಕ್ಕೂ ಹೆಚ್ಚು ಅಮೈನೊ ಆಮ್ಲಗಳ ಸರ. ನಾರುಗಳನ್ನು ಸುತ್ತಿದ ಪೊರೆಯೂ ಜೊತೆಗೆ ಎಳೆಯುತ್ತದೆ. ಪಂದಿ ಕರಿಯನ್ನು ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸುವಾಗ ಕರಗಿ ಅಂಟಾಗುವುದು ಆ ಪೊರೆಯೇ. ಕಾಚಂಪುಳಿ ಅನ್ನುವ ಕಪ್ಪು ಹುಳಿ ಹಾಕುವುದು ರುಚಿಗೆ, ಅದರ ಬಗ್ಗೆ ನಾನು ವಾದ ಮಾಡುವುದಿಲ್ಲ. ಹಿಗ್ಗುವುದರಲ್ಲಿ ಗರ್ಭಕೋಶ, ಮೂತ್ರಕೋಶದ ಮಾಂಸಖಂಡವನ್ನು ಮೀರಿಸುವವರಿಲ್ಲ, ಅದು ಇನ್ನೊಂದು ಸಂಜೆಯ ಮಾತು.

ಹೃದಯದ ಒಂದು ವಿಷಯ ಹೇಳದೆ ಹೋಗಲಾರೆ. ನಿಮಿಷಕ್ಕೆ 72 ಬಡಿತ ಅಂದರೆ ಒಂದು ಬಡಿತಕ್ಕೆ 0.8 ಸೆಕೆಂಡು. ಬಿಗಿಯುವುದು ಅದರಲ್ಲಿ 0.3, ಬಿಡುವುದು 0.5. ಒಮ್ಮೆ ಓಗೊಟ್ಟ ಹೃದಯ ಸುಮಾರು ಕಾಲು ಸೆಕೆಂಡು ಇನ್ನೊಂದು ಕರೆ ಕೇಳುವುದೇ ಇಲ್ಲ. ಹಾಗಾಗಿ ಅದು ಕೈಕಾಲಿನ ಹಾಗೆ ಸೆಟೆದು ನಿಲ್ಲುವುದಿಲ್ಲ. ಹೃದಯದ ಎಡಕೋಣೆಯ ಗೋಡೆಗೆ ರಕ್ತ ಹೆಚ್ಚಾಗಿ ಹರಿಯುವುದೂ ಬಿಟ್ಟ ಹೊತ್ತಿನಲ್ಲೇ. ಎಷ್ಟೋ ಹಿರಿಯರಿಗೆ, ಬಿ.ಪಿ. ಇರುವವರಿಗೆ ಹೃದಯದ ಬಿಗಿತ ಚೆನ್ನಾಗಿಯೇ ಇರುತ್ತದೆ. ಅದು ಸರಿಯಾಗಿ ಬಿಡುವುದಿಲ್ಲ, ರಕ್ತ ತುಂಬಿಕೊಳ್ಳುವುದಿಲ್ಲ, ಎರಡು ಮೆಟ್ಟಿಲಿಗೆ ಉಸಿರು ಕಟ್ಟುತ್ತದೆ.

ಕೊನೆಗೆ ಪ್ರಶ್ನೆಗಳು ಬಂದವು. ಹಿಂದಿನ ಸಾಲಿನ ಅಜ್ಜಿಯೊಬ್ಬರು ರಾತ್ರಿ ಮೀನಖಂಡ ಹಿಡಿದುಕೊಳ್ಳುವುದಕ್ಕೆ ಏನು ಮಾಡಬೇಕು ಅಂತ ಕೇಳಿದರು. ಆಗ ನರವೇ ಹುಚ್ಚು ಹಿಡಿದ ಹಾಗೆ ಬೆಲ್ ಒತ್ತುತ್ತಿರುತ್ತದೆ ಅಜ್ಜಿ. ಕಾಲು ನೇರ ಮಾಡಿ, ಪಾದದ ಬೆರಳುಗಳನ್ನು ನಿಮ್ಮ ಕಡೆಗೆ ಎಳೆದು ಹಿಡಿಯಿರಿ. ಹಿಗ್ಗಿಸಿದರೆ ಬಿಡುತ್ತದೆ. "ನನ್ನ ಗಂಡ ಇದ್ದಾಗ ಅವರೇ ಎಳೀತಿದ್ರು" ಅಂದರು ಅಜ್ಜಿ. ಸಭೆಯಲ್ಲಿ ಯಾರೂ ನಗಲಿಲ್ಲ. ಅವರೇ ನಕ್ಕ ಮೇಲೆ ಎಲ್ಲರೂ ನಕ್ಕರು.

ಹೊರಡುವ ಮೊದಲು ಒಂದು ಆಟ ಹೇಳಿಕೊಟ್ಟೆ. ಬಾಗಿಲ ಚೌಕಟ್ಟಿನ ಪಕ್ಕ ನಿಂತು, ಕೈ ಇಳಿಬಿಟ್ಟು, ಮುಂಗೈಯ ಹಿಂಭಾಗದಿಂದ ಚೌಕಟ್ಟನ್ನು ಹೊರಕ್ಕೆ ಜೋರಾಗಿ ಒತ್ತಿ. ಅರ್ಧ ನಿಮಿಷಕ್ಕೆ ಕಮ್ಮಿ ಬೇಡ. ಆಮೇಲೆ ಪಕ್ಕಕ್ಕೆ ಬಂದು ಕೈ ಸಡಿಲ ಬಿಡಿ. ನೀವು ಎತ್ತದೆಯೇ ಕೈ ತಾನಾಗಿ ಮೇಲೇರುತ್ತದೆ. ಜರ್ಮನಿಯ ಕೋನ್‌ಸ್ಟಾಮ್ ಎಂಬ ವೈದ್ಯ 1915ರಲ್ಲಿ ಇದನ್ನು ಬರೆದಿಟ್ಟ. ನೀವು ಬಿಟ್ಟೆ ಅಂದುಕೊಂಡರೂ ಮೇಲಿನಿಂದ ಆಜ್ಞೆ ಇನ್ನೂ ನಿಂತಿರುವುದಿಲ್ಲ.

ಸಭಾಂಗಣಕ್ಕೆ ಇದ್ದದ್ದು ಎರಡೇ ಬಾಗಿಲು. ಎರಡರಲ್ಲೂ ಸಾಲು ನಿಂತಿತು. ಬಾಟಲಿ ಹಿಡಿದ ಹುಡುಗ ಎರಡು ಸಲ ಮಾಡಿದ. ಬೀಗ ಹಾಕಲು ಕಾದಿದ್ದವರು ಸ್ವಲ್ಪ ಹೊತ್ತು ಗೊಣಗಿದರು. ಆಮೇಲೆ ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು ಅವರೂ ಚೌಕಟ್ಟಿಗೆ ಕೈ ಒತ್ತಿ ನಿಂತರು.